ಆರೋಗ್ಯದ ನೀತಿ ಎರಿ ಹೊಲದಿಂದ ಶುರುವಾಗಲಿ

ಆಹಾರ ನೀತಿ, ಪೌಷ್ಟಿಕತೆಯ ನೀತಿ ಅಂದರೆ ಅದು ದಿಲ್ಲಿ, ಬೆಂಗಳೂರಿನ ಸಾಹೇಬರ ಮಾತು, ನಮಗೇನು ಸಂಬಂಧ ಎಂದು ನಾವು ರೈತರು ಸುಮ್ಮನಿದ್ದುಬಿಡುತ್ತೇವೆ. ಗೊಬ್ಬರದ ದರ, ಕಬ್ಬಿನ ದರ, ಕರೆಂಟಿನ ಮಾತು ಬಂದರೆ ಎದ್ದು ನಿಲ್ಲುತ್ತೇವೆ. ನಮ್ಮ ಮಕ್ಕಳ ಗಂಗಾಳದಾಗ ಏನು ಬೀಳಬೇಕು ಅನ್ನೋದನ್ನು ಮಾತ್ರ ಯಾರೋ ದೂರ ಕೂತು ತೀರ್ಮಾನ ಮಾಡಿದರೂ ಕೇಳುವುದಿಲ್ಲ. ಖರೆ ಹೇಳಬೇಕಂದರೆ ಗಂಗಾಳದ ಮಾತೇ ಹೊಲದ ಮಾತು. ಸರ್ಕಾರ ಯಾವ ಕಾಳು ಕೊಳ್ಳುತ್ತದೋ ಆ ಕಾಳು ಹೊಲದಲ್ಲಿ ಉಳಿಯುತ್ತದೆ. ಯಾವುದನ್ನು ಕೈಬಿಡುತ್ತದೋ ಅದು ಹತ್ತಿಪ್ಪತ್ತು ವರ್ಷದಾಗ ಬೀಜಕ್ಕೂ ಸಿಗದಂಗ ಆಗುತ್ತದೆ.

ನಮ್ಮ ಸಂವಿಧಾನದ 47ನೇ ಕಲಮಿನಲ್ಲಿ ಜನರ ಪೌಷ್ಟಿಕತೆಯ ಮಟ್ಟ ಏರಿಸುವುದು, ಸಾರ್ವಜನಿಕ ಆರೋಗ್ಯ ಸುಧಾರಿಸುವುದು ಸರ್ಕಾರದ ಮೊದಲ ಕರ್ತವ್ಯಗಳಲ್ಲಿ ಸೇರಿದೆ ಎಂದು ಬರೆದಿದೆ. 1993ರಲ್ಲಿ ರಾಷ್ಟ್ರೀಯ ಪೌಷ್ಟಿಕತಾ ನೀತಿ ಬಂತು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ, 2018ರಲ್ಲಿ ಪೋಷಣ್ ಅಭಿಯಾನ. ಕಾಗದಕ್ಕೆ ಕೊರತೆ ಇಲ್ಲ. ನನ್ನ ತಕರಾರು ಒಂದೇ. ಈ ನೀತಿಗಳು ಹೊಟ್ಟೆ ತುಂಬಿಸುವ ಲೆಕ್ಕ ಇಟ್ಟವು, ಮೈಯಾಗ ರಕ್ತ ತುಂಬುವ ಲೆಕ್ಕ ಇಡಲಿಲ್ಲ. ಆ ರಕ್ತ ತುಂಬುವ ಕಾಳು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಹೊಲದಾಗೇ ಬೆಳೀತದ. ಅದನ್ನು ಸುಗ್ಗಿಯಲ್ಲಿ ನಮ್ಮಿಂದ ಸರಿಯಾದ ದರಕ್ಕೆ ಕೊಂಡು ನಮ್ಮ ಊರಿನ ಪಡಿತರ ಅಂಗಡಿಗೆ, ಅಂಗನವಾಡಿಗೆ, ಸಾಲಿಗೆ ಕೊಡಬೇಕು. ಈ ಲೇಖನದಲ್ಲಿ ಹೇಳಬೇಕಾದದ್ದು ಇಷ್ಟೇ.

ಗಂಗಾಳ ಬದಲಾದದ್ದು ಹೇಗೆ

ನಮ್ಮ ಕಡೆ ಮುಂಗಾರಿಗೆ ಸಜ್ಜಿ, ಹೆಸರು, ತೊಗರಿ, ಮಡಕಿ. ಹಿಂಗಾರಿಗೆ ಬಿಳಿಜೋಳ, ಕಡಲಿ, ಕುಸುಬಿ, ಅಗಸಿ. ಒಂದೇ ಹೊಲದಾಗ ಅಕ್ಕಡಿ ಸಾಲು ಹಾಕಿ ಮೂರು ನಾಲ್ಕು ತರದ ಕಾಳು ತೆಗೀತಿದ್ದರು. ಬದುವಿಗೆ ಪುಂಡಿ. ಹಿಂಗಾರಿ ಜೋಳದ ನಡುವೆ ಯಾರೂ ಬಿತ್ತದೆ ಹುಟ್ಟುವ ಹತ್ತರಕಿ, ಕಿರಕಸಾಲಿ. ಹೀಗಾಗಿ ಬಡವನ ಗಂಗಾಳದಲ್ಲೂ ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಅಗಸಿ ಇಲ್ಲವೆ ಗುರೆಳ್ಳ ಹಿಂಡಿ, ಒಂದು ಹಿಡಿ ಹಸಿ ತಪ್ಪಲ, ಉಳ್ಳಾಗಡ್ಡಿ ಇರುತ್ತಿತ್ತು. ಕಣಕಿ ಇದ್ದುದರಿಂದ ದನ ಇದ್ದವು, ದನ ಇದ್ದುದರಿಂದ ಮಜ್ಜಿಗೆ ಇತ್ತು. ಅನ್ನ ಎಂಬುದು ಹಬ್ಬಕ್ಕೆ, ಬೀಗರು ಬಂದಾಗ ಮಾತ್ರ.

ಹಿಂದಿನ ಕಾಲ ಬಂಗಾರದ್ದು ಎಂದು ನಾನು ಹೇಳುತ್ತಿಲ್ಲ. ಬರ ಬಿದ್ದರೆ ಈ ರೊಟ್ಟಿಯೂ ಇರುತ್ತಿರಲಿಲ್ಲ. ಕೂಲಿ ಮಾಡುವವರು ದಣಿಗಳ ಮನಿ ಮುಂದೆ ಸೆರಗೊಡ್ಡಿ ನಿಲ್ಲಬೇಕಿತ್ತು. 2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾಗಿ ಒಂದು ರೂಪಾಯಿಗೆ ಕಿಲೋ ಅಕ್ಕಿ ಸಿಕ್ಕಿತು. ಮುಂದೆ 2015ರಲ್ಲಿ ಪುಕ್ಕಟೆ ಆಯಿತು. ಆ ಅಕ್ಕಿಯಿಂದ ಎಷ್ಟೋ ಮನೆಗಳ ಒಲಿ ಹತ್ತಿತು. ಅಕ್ಕಿ ಕೊಟ್ಟದ್ದರಿಂದ ಜನ ಮೈಗಳ್ಳರಾದರು ಎಂದು ಆಡಿಕೊಳ್ಳುವವರ ಜೊತೆ ನಾನು ಸೇರುವವನಲ್ಲ. ಹಸಿದವನಿಗೆ ಕೊಟ್ಟ ಅನ್ನವನ್ನು ಹೊಟ್ಟೆ ತುಂಬಿದವ ಆಡಿಕೊಳ್ಳಬಾರದು.

ಆದರೆ ಅದೇ ಹೊತ್ತಿಗೆ ಇನ್ನೊಂದು ನಡೆಯಿತು. ಕೃಷ್ಣಾ, ಘಟಪ್ರಭಾ ನೀರು ಹತ್ತಿದಲ್ಲೆಲ್ಲ ಕಬ್ಬು ಬಂತು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಹೊಳಿ ದಂಡಿ ಹೊಲ ಹೋದವು. ನೀರಿಲ್ಲದಲ್ಲೂ ಗೋವಿನಜೋಳ, ಸೂರ್ಯಕಾಂತಿ ಬಂದವು. ಕಬ್ಬಿನ ಮೇಲೆ ನನಗೆ ಸಿಟ್ಟಿಲ್ಲ, ರೊಕ್ಕ ಬರುವಲ್ಲಿ ರೈತ ಹೋಗುತ್ತಾನೆ. ಆದರೆ ಅಕ್ಕಡಿ ಹೊಲ ಹೋದ ಮೇಲೆ ಗಂಗಾಳದಾಗಿನ ಕಾಳು, ತಪ್ಪಲ, ಹಿಂಡಿ ಸಹ ಹೋದವು. ಪಡಿತರದ ಬಿಳಿ ಅನ್ನ, ತಿಳಿ ಸಾರು ಉಳಿಯಿತು. ಈಗ ತಮಾಷೆ ನೋಡಿರಿ. ಸಕ್ಕರೆ ಕಾಯಿಲೆ ಬಂದ ಪ್ಯಾಟಿ ಶ್ರೀಮಂತ ಡಾಕ್ಟರ ಮಾತು ಕೇಳಿ ಜೋಳದ ರೊಟ್ಟಿ ಹುಡುಕುತ್ತಾನೆ. ಜೋಳ ಬೆಳೆದ ಊರಿನ ಕೂಲಿಯವಳು ಎರಡೂ ಹೊತ್ತು ಅನ್ನ ಉಣ್ಣುತ್ತಾಳೆ. ಬನಹಟ್ಟಿಯಲ್ಲಿ ಮಗ್ಗದ ಮುಂದೆ ಕೂತ ನೇಕಾರನಿಗೆ ಜೋಳ ಕೊಳ್ಳುವುದೇ ತುಟ್ಟಿ.

ಅಂಕಿ ಏನು ಹೇಳುತ್ತವೆ

2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ. ಅದರ ಹಿಂದಿನ 2015-16ರ ಸಮೀಕ್ಷೆಯಲ್ಲಿ ಇದು 60.9 ಇತ್ತು. 15ರಿಂದ 49 ವರ್ಷದ ಹೆಣ್ಮಕ್ಕಳಲ್ಲಿ 44.8 ಇದ್ದದ್ದು 47.8 ಆಯಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅಕ್ಕಿಯಿಂದಲೇ ರಕ್ತ ಕಡಿಮೆಯಾಯಿತು ಎಂದು ನಾನು ಹೇಳುವುದಿಲ್ಲ. ಜಂತುಹುಳ, ಹೊಲಸು ನೀರು, ಎಳೆ ವಯಸ್ಸಿನ ಮದುವೆ, ಮೇಲಿಂದ ಮೇಲೆ ಬಾಣಂತನ, ಕಾರಣ ಹಲವು. ಆದರೆ ಅಷ್ಟು ಅಕ್ಕಿ ಹಂಚಿದರೂ ರಕ್ತ ಏರಲಿಲ್ಲ ಎಂಬುದು ಖರೆ.

ಯಾಕೆ ಏರಲಿಲ್ಲ? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಸತ್ವದ ಪಟ್ಟಿ ಪ್ರಕಟಿಸಿದೆ. ಅದರಲ್ಲಿ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣದ ಅಂಶ ಮುಕ್ಕಾಲು ಮಿಲಿಗ್ರಾಮೂ ಇಲ್ಲ, 0.65. ಜೋಳದಲ್ಲಿ 3.95. ನಾರು ಅಕ್ಕಿಯಲ್ಲಿ 2.8 ಗ್ರಾಂ, ಜೋಳದಲ್ಲಿ 10.2. ಪ್ರೋಟೀನು ಅಕ್ಕಿಯಲ್ಲಿ ಸುಮಾರು 8, ಜೋಳದಲ್ಲಿ 10. ಜೋಳ ತಿಂದವ ತೋಳದಂಗ, ಅಕ್ಕಿ ತಿಂದವ ಹಕ್ಕಿಯಂಗ ಎಂಬ ಹಿರಿಯರ ಗಾದೆಗೆ ಈ ಪಟ್ಟಿ ಬಂದು ಸಾಕ್ಷಿ ಹೇಳಿದಂಗಾಯಿತು.

ಸರ್ಕಾರಕ್ಕೂ ಇದು ಗೊತ್ತಾಗಿದೆ. ಅದಕ್ಕೇ 2021ರ ಆಗಸ್ಟ್ 15ರಂದು ಪಡಿತರದ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕೊಡುವ ಯೋಜನೆ ಪ್ರಕಟಿಸಿದರು. ಅಕ್ಕಿ ಹಿಟ್ಟಿಗೆ ಈ ಸತ್ವ ಬೆರೆಸಿ ಮಷಿನಿನಲ್ಲಿ ಅಕ್ಕಿಯ ಆಕಾರ ಮಾಡಿ, 100 ಕಿಲೋ ಅಕ್ಕಿಗೆ ಒಂದು ಕಿಲೋ ಬೆರೆಸುವ ಕ್ರಮ ಅದು. ನಮ್ಮ ಹೆಣ್ಮಕ್ಕಳು ಅದನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಚೆಲ್ಲಿದ್ದೂ ಉಂಟು. ಅದು ಪ್ಲಾಸ್ಟಿಕ್ ಅಲ್ಲ, ಚೆಲ್ಲಬಾರದು. ಆದರೂ ನನ್ನ ಪ್ರಶ್ನೆ ಇದು: ಭತ್ತ ಪಾಲಿಶ್ ಮಾಡಿ ಸತ್ವ ತೆಗೆದು, ಮತ್ತೆ ಫ್ಯಾಕ್ಟರಿಯಲ್ಲಿ ಸತ್ವ ಹಾಕಿ, ಲಾರಿಯಲ್ಲಿ ನೂರಾರು ಮೈಲಿ ತಂದು ಕೊಡುವ ಬದಲು, ಕಬ್ಬಿಣದ ಅಂಶ ಹೊತ್ತುಕೊಂಡೇ ಹುಟ್ಟುವ ಕಾಳನ್ನು ಊರ ಹೊಲದಿಂದ ಯಾಕೆ ಕೊಳ್ಳಬಾರದು?

ಬರೀ ಜೋಳವೂ ಸಾಲದು

ಜೋಳ ಒಂದಿದ್ದರೆ ಎಲ್ಲ ಬರೋಬರಿ ಎಂದು ಹೇಳಿದರೆ ಅದೂ ಸುಳ್ಳು. ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಹೊತ್ತಿಗೆ ನಮ್ಮ ದಖ್ಖನ್ ಸೀಮೆಯ ಜೋಳ ಉಣ್ಣುವ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಂಡು ಅಭ್ಯಾಸ ಮಾಡಿದರು. ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿ ಮಂಕಾಗುವುದು ಅದರ ಲಕ್ಷಣ. ಕಾಳು, ಹಾಲು ಯಾವುದೂ ಇಲ್ಲದೆ ಬರೀ ಜೋಳದ ಮೇಲೆ ಬದುಕಿದವರಿಗೆ ಅದು ಬಂದಿತ್ತು. ಅಂದರೆ ರೊಟ್ಟಿಗೆ ಬಲ ಬರುವುದು ಪಕ್ಕದಲ್ಲಿರುವ ಮಡಕಿಕಾಳು, ಹಿಂಡಿ, ತಪ್ಪಲ, ಮಜ್ಜಿಗೆಯಿಂದ. ನಮ್ಮ ಹಿರಿಯರ ಅಕ್ಕಡಿ ಸಾಲಿನಲ್ಲಿ ಒಂದು ಪೂರ್ತಿ ಊಟದ ಲೆಕ್ಕವೇ ಅಡಗಿತ್ತು.

ಅದೇ ಪೌಷ್ಟಿಕತಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರ ಊಟ ಹೇಗಿರಬೇಕೆಂದು ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಸಾಧಾರಣ ಆಳಿಗೆ ದಿನಕ್ಕೆ ಧಾನ್ಯ 250 ಗ್ರಾಂ ಸಾಕು, ಬೇಳೆಕಾಳು 85 ಗ್ರಾಂ ಬೇಕು, ಕಾಯಿಪಲ್ಯ 400 ಗ್ರಾಂ ಬೇಕು. ತಿಂಗಳ ಲೆಕ್ಕ ಹಾಕಿ ನೋಡಿರಿ. ಧಾನ್ಯ ಏಳೂವರೆ ಕಿಲೋ, ಕಾಳು ಎರಡೂವರೆ ಕಿಲೋ. ಹೊಲದಲ್ಲಿ ದುಡಿಯುವವನಿಗೆ ಇನ್ನಷ್ಟು ಧಾನ್ಯ ಬೇಕಾಗಬಹುದು, ಸಣ್ಣ ಮಕ್ಕಳಿಗೆ ಕಡಿಮೆ ಸಾಕು. 2025ರ ಫೆಬ್ರುವರಿಯಿಂದ ರಾಜ್ಯದಲ್ಲಿ ಕೇಂದ್ರದ 5 ಕಿಲೋ, ರಾಜ್ಯದ 5 ಕಿಲೋ ಸೇರಿ ಆಳಿಗೆ 10 ಕಿಲೋ ಧಾನ್ಯ ಕೊಡತೊಡಗಿದರು. ಅಂದರೆ ಧಾನ್ಯ ಬೇಕಾದ್ದಕ್ಕಿಂತ ಹೆಚ್ಚು, ಕಾಳು ಸೊನ್ನೆ. ಹೆಚ್ಚಾದ ಅಕ್ಕಿ ಓಣಿಗೆ ಬರುವ ವ್ಯಾಪಾರಿಯ ಚೀಲ ಸೇರುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. 2025ರ ಅಕ್ಟೋಬರಿನಲ್ಲಿ ರಾಜ್ಯದ ಸಂಪುಟ ಹೆಚ್ಚುವರಿ 5 ಕಿಲೋ ಅಕ್ಕಿ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಕೊಡುವ ನಿರ್ಧಾರ ಮಾಡಿತು. ಬೇಳೆ ಎಂಬ ಮಾತು ಬಂದದ್ದೇ ಒಳ್ಳೆಯದು. ಆದರೆ ಆ ಬೇಳೆ ಎಲ್ಲಿಂದ ಬರಬೇಕು ಎಂಬುದನ್ನೂ ನಾವು ಕೇಳಬೇಕು. ಹೊರದೇಶದ ಹಡಗಿನಿಂದ ಇಳಿದ ತೊಗರಿಯೋ, ನಮ್ಮ ಮಸಾರಿ ಹೊಲದ ತೊಗರಿಯೋ?

ಜೋಳ ಬಿಟ್ಟದ್ದು ಯಾಕೆ

ಇಷ್ಟೆಲ್ಲ ಒಳ್ಳೆಯದಿದ್ದರೆ ರೈತ ಜೋಳ ಯಾಕೆ ಬಿಟ್ಟ ಎಂದು ಕೇಳುತ್ತಾರೆ. ರೈತ ಹುಚ್ಚನಲ್ಲ. ಮಾಲ್ದಂಡಿ ಆಳೆತ್ತರ ಬೆಳೆಯುತ್ತದೆ, ಅದಕ್ಕೆ ಸರಿಹೊಂದುವ ಕೊಯ್ಲಿನ ಮಷಿನ್ ಅಪರೂಪ. ಹಕ್ಕಿ ಕಾಯಬೇಕು, ಕೊಯ್ಯಬೇಕು, ತೆನಿ ಮುರಿಯಬೇಕು, ರಾಶಿ ಮಾಡಬೇಕು. ಎಲ್ಲಕ್ಕೂ ಆಳು. ಒಣಬೇಸಾಯದಲ್ಲಿ ಎಕರೆಗೆ ಐದು ಕ್ವಿಂಟಲ್ ಬಂದರೆ ದೇವರು ಕಣ್ಣು ಬಿಟ್ಟ ಎನ್ನುತ್ತೇವೆ.

ದರದ ಮಾತು ನೋಡಿರಿ. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ. ಹೈಬ್ರಿಡ್ ಜೋಳಕ್ಕೆ 3,699, ಮಾಲ್ದಂಡಿಗೆ 3,749. ರಾಗಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ದಕ್ಷಿಣದ ರೈತರು, ಅಲ್ಲಿನ ಮುಖಂಡರು ರಾಗಿಗಾಗಿ ಕೂಗಿದರು, ಖರೀದಿ ದೊಡ್ಡದಾಯಿತು, ರಾಗಿ ಪಡಿತರಕ್ಕೂ ಬಂತು. ನಮ್ಮ ಬಿಳಿಜೋಳಕ್ಕೂ ಹೈಬ್ರಿಡ್ಡಿಗೂ ಬರೀ 50 ರೂಪಾಯಿ ಅಂತರ ಇಟ್ಟರೆ, ರೊಟ್ಟಿಗೆ ಬರುವ ಜೋಳವನ್ನು ಯಾವ ರೈತ ಖರೀದಿ ಕೇಂದ್ರಕ್ಕೆ ಒಯ್ಯುತ್ತಾನೆ? 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸಾರಿದಾಗ ಪ್ಯಾಟಿಯಲ್ಲಿ ಬಿಳಿಜೋಳದ ದರ ಬೆಂಬಲ ಬೆಲೆಯನ್ನು ಎಷ್ಟೋ ದೂರ ದಾಟಿತು. ಆಗ ಬೆಳೆದವನ ಬಳಿ ಮಾರಲು ಕಾಳಿರಲಿಲ್ಲ, ಉಣ್ಣುವವನ ಬಳಿ ಕೊಳ್ಳಲು ರೊಕ್ಕವಿರಲಿಲ್ಲ. ಮಳೆ ಚಲೋ ಆದ ವರ್ಷ ಸುಗ್ಗಿಯಲ್ಲಿ ದರ ಬೀಳುತ್ತದೆ, ಫ್ರೂಟ್ಸ್ ನಂಬರು, ನೋಂದಣಿ ಎಂದು ಓಡಾಡುವ ಹೊತ್ತಿಗೆ ಸಣ್ಣ ರೈತ ಸಾಲಗಾರನಿಗೆ ಕಾಳು ಅಳೆದು ಕೊಟ್ಟಾಗಿರುತ್ತದೆ.

ಉತ್ತರ ಕರ್ನಾಟಕದ ಅಂಗಡಿಗಳಿಗೆ ಕೆಲವು ವರ್ಷ, ಕೆಲವು ತಿಂಗಳು ಜೋಳ ಬಂದದ್ದುಂಟು. ಆದರೆ ಹಲವು ಕಡೆ ಬಂದದ್ದು ರೊಟ್ಟಿ ಬಡಿದರೆ ಹರಿಯುವ ಜೋಳ, ಇಲ್ಲವೆ ನುಸಿ ಹತ್ತಿದ ಜೋಳ. ಜನ ದನಕ್ಕೆ ಹಾಕಿದರು. ಆಮೇಲೆ ಜನಕ್ಕೆ ಜೋಳ ಬೇಡವಂತೆ ಎಂಬ ಮಾತು ಹುಟ್ಟಿತು. ಜನರಿಗೆ ಜೋಳ ಬ್ಯಾಡಾಗಿರಲಿಲ್ಲ, ಕೆಟ್ಟ ಜೋಳ ಬ್ಯಾಡಾಗಿತ್ತು.

2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ, ಮುಧೋಳದಲ್ಲಿ ಕಬ್ಬಿನ ದರಕ್ಕಾಗಿ ರೈತರು ರಸ್ತೆಗಿಳಿದರು. ಸರ್ಕಾರ ಓಡಿಬಂದು ಮಾತಾಡಿತು. ಜೋಳದ ದರಕ್ಕಾಗಿ ಅಂಥ ದೊಡ್ಡ ಹೋರಾಟ ಕಾಣಲಿಲ್ಲ. ಬಾಯಿ ಇಲ್ಲದ ಬೆಳೆಗೆ ನೀತಿಯಲ್ಲಿ ಜಾಗ ಇರುವುದಿಲ್ಲ.

ರೊಟ್ಟಿ ಬಡಿಯುವ ಕೈ

ಇನ್ನೊಂದು ಅಡಚಣೆ ಇದೆ, ಅದನ್ನು ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ. ಕುಕ್ಕರಿನಲ್ಲಿ ಅಕ್ಕಿ ಇಟ್ಟರೆ ಮೂರು ಸೀಟಿಗೆ ಅನ್ನ. ಹೊಲದಿಂದ ದಣಿದು ಬಂದವಳು ಗಿರಣಿಗೆ ಹೋಗಿ ಬೀಸಿಸಿಕೊಂಡು ಬಂದು ಇಪ್ಪತ್ತು ರೊಟ್ಟಿ ಬಡಿಯಬೇಕು. ಜೋಳದ ಹಿಟ್ಟು ಬಹಳ ದಿನ ಇಟ್ಟರೆ ಕಹಿ ಆಗುತ್ತದೆ, ಮೇಲಿಂದ ಮೇಲೆ ಬೀಸಬೇಕು. ಈ ಕೈಗಳ ಕಷ್ಟ ಲೆಕ್ಕಕ್ಕೆ ಹಿಡಿಯದ ಯಾವ ನೀತಿಯೂ ನಡೆಯುವುದಿಲ್ಲ. ಅದಕ್ಕೇ ನಾನು ಅಕ್ಕಿ ಪೂರಾ ನಿಲ್ಲಿಸಿರಿ ಎನ್ನುವುದಿಲ್ಲ. ಆಳಿಗೆ ಎರಡು ಕಿಲೋ ಜೋಳ ಕೊಡಿರಿ ಸಾಕು. ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ಅನ್ನ. ನುಚ್ಚು, ಅಂಬಲಿ ಮಾಡಲು ಕಷ್ಟವಿಲ್ಲ. ಮಹಾಲಿಂಗಪುರ, ರಬಕವಿ ಕಡೆ ಹೆಣ್ಮಕ್ಕಳು ಖಡಕ್ ರೊಟ್ಟಿ ಮಾಡಿ ಮಾರಿ ಸಂಸಾರ ನಡೆಸುತ್ತಿದ್ದಾರೆ. ಹಾಸ್ಟೆಲ್, ಆಸ್ಪತ್ರೆ, ಸಾಲಿಗಳಿಗೆ ವಾರಕ್ಕೆ ಎರಡು ದಿನ ಅವರಿಂದಲೇ ರೊಟ್ಟಿ ಕೊಂಡರೆ ಆ ಕೈಗೂ ಕೂಲಿ, ಮಕ್ಕಳಿಗೂ ರೊಟ್ಟಿ. ಗಂಡಸರು ಗಿರಣಿಗೆ ಹೋಗಿ ಬಂದರೆ ಮರ್ಯಾದೆ ಏನೂ ಕಡಿಮೆ ಆಗುವುದಿಲ್ಲ.

ಆಗುವಂಥ ಕೆಲಸವೇ

ಆಗುತ್ತದೆ, ಬೇರೆಯವರು ಮಾಡಿದ್ದಾರೆ. ನಮ್ಮ ಬೀದರ ಗಡಿಗೆ ಹತ್ತಿದ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಮಕ್ಕಳ ಸಂಘಗಳು 1990ರ ದಶಕದಲ್ಲೇ ಬೀಳು ಹೊಲಕ್ಕೆ ಸಾಲ ಕೊಟ್ಟು ಜೋಳ ಬೆಳೆಸಿದವು. ರೈತರು ಸಾಲವನ್ನು ಜೋಳದ ರೂಪದಲ್ಲೇ ತೀರಿಸಿದರು. ಆ ಜೋಳ ಊರಲ್ಲೇ ಸಂಗ್ರಹವಾಗಿ ಕಡಿಮೆ ದರಕ್ಕೆ ಊರ ಬಡವರಿಗೇ ಹೋಯಿತು. ಒಡಿಶಾ ಸರ್ಕಾರ 2017ರಲ್ಲಿ ಸಿರಿಧಾನ್ಯದ ಯೋಜನೆ ಹಾಕಿ, ಬುಡಕಟ್ಟು ರೈತರಿಂದ ರಾಗಿ ಕೊಂಡು ಪಡಿತರಕ್ಕೆ ಕೊಟ್ಟಿತು, ಕೆಲವು ಜಿಲ್ಲೆಗಳ ಅಂಗನವಾಡಿ ಮಕ್ಕಳಿಗೆ ರಾಗಿ ಲಾಡು ಮಾಡಿಸಿತು. ಇವರು ಮಾಡಿದ್ದನ್ನು ಹಗೇವು ತೋಡಿ ವರ್ಷಗಟ್ಟಲೆ ಜೋಳ ಕಾಯ್ದಿಟ್ಟ ನಮ್ಮ ಸೀಮೆಗೆ ಮಾಡಲಿಕ್ಕೆ ಆಗದೇ?

ಕಾಯ್ದೆಯೂ ಅಡ್ಡ ಬರುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಅಕ್ಕಿ ಮೂರು, ಗೋಧಿ ಎರಡು, ಒರಟು ಧಾನ್ಯ ಒಂದು ರೂಪಾಯಿ ಎಂದು ಬರೆದಿತ್ತು. ಜೋಳಕ್ಕೆ ಅಲ್ಲಿ ಜಾಗ ಇದೆ. 2018ರಲ್ಲಿ ಒರಟು ಧಾನ್ಯ ಎಂಬ ಹೆಸರು ತೆಗೆದು ಪೌಷ್ಟಿಕ ಧಾನ್ಯ ಎಂದರು, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದಿತು. ಹೆಸರು ದೊಡ್ಡದಾಯಿತು. ಕಾಳು ಪ್ಯಾಟಿ ಅಂಗಡಿಯ ಬಣ್ಣದ ಪೊಟ್ಟಣ ಸೇರಿತು, ಊರಿನ ಅಂಗಡಿಗೆ ಬರಲಿಲ್ಲ.

ಒಂದು ಊರಿನ ಲೆಕ್ಕ ಹಾಕೋಣ. ಊರಲ್ಲಿ ಪಡಿತರ ಪಡೆಯುವವರು 2,000 ಆಳು ಎಂದಿಟ್ಟುಕೊಳ್ಳಿರಿ. ಆಳಿಗೆ ತಿಂಗಳಿಗೆ ಎರಡು ಕಿಲೋ ಜೋಳ ಅಂದರೆ 40 ಕ್ವಿಂಟಲ್. ವರ್ಷಕ್ಕೆ 480 ಕ್ವಿಂಟಲ್. ಎಕರೆಗೆ ಐದು ಕ್ವಿಂಟಲ್ ಹಿಡಿದರೆ ಹತ್ತಿರ ಹತ್ತಿರ ನೂರು ಎಕರೆ ಎರಿ ಹೊಲ ಸಾಕು. ಮಾಲ್ದಂಡಿಯ ಬೆಂಬಲ ಬೆಲೆಯಲ್ಲೇ ಲೆಕ್ಕ ಹಾಕಿದರೂ ವರ್ಷಕ್ಕೆ 18 ಲಕ್ಷ ರೂಪಾಯಿ ಆ ಊರಿನ ಒಣಬೇಸಾಯದವರ ಕೈಗೆ ಬರುತ್ತದೆ. ಮೇಲೆ ನೂರು ಎಕರೆಯ ಕಣಕಿ. ಕಾರಖಾನಿ ಬೇಕಿಲ್ಲ, ಕಾಲುವೆ ಬೇಕಿಲ್ಲ.

ಕೇಳಬೇಕಾದದ್ದು, ಮಾಡಬೇಕಾದದ್ದು

ಗ್ರಾಮಸಭೆಯಲ್ಲಿ, ತಾಲೂಕು ಕಚೇರಿಯಲ್ಲಿ, ಮತ ಕೇಳಲು ಬಂದವರ ಮುಂದೆ ನಾವು ಕೇಳಬೇಕಾದದ್ದು ಇವು.

ಮೊದಲನೆಯದು, ಹಿಂಗಾರಿ ಬಿಳಿಜೋಳಕ್ಕೆ ಹೈಬ್ರಿಡ್ಡಿನಿಂದ ಬೇರೆಯಾದ, ಖರ್ಚಿಗೆ ತಕ್ಕ ದರ. ಕೇಂದ್ರದ ದರದ ಮೇಲೆ ರಾಜ್ಯ ತನ್ನ ಪಾಲು ಸೇರಿಸಲಿ.

ಎರಡನೆಯದು, ಖರೀದಿ ಕೇಂದ್ರ ಸುಗ್ಗಿ ಮುಗಿಯುವ ಮುಂಚೆ ತೆರೆಯಲಿ, ಹೋಬಳಿಗೊಂದು ಇರಲಿ. ನಾಲ್ಕೈದು ಕ್ವಿಂಟಲ್ ತರುವ ಸಣ್ಣ ರೈತನ ಪಾಳಿ ಮೊದಲು ಬರಲಿ.

ಮೂರನೆಯದು, ಕೊಂಡ ಜೋಳ ತಾಲೂಕಿನಲ್ಲೇ ಸಂಗ್ರಹವಾಗಿ ತಾಲೂಕಿನ ಅಂಗಡಿಗೇ ಹೋಗಲಿ. ಹಿಟ್ಟಲ್ಲ, ಕಾಳೇ ಕೊಡಲಿ. ರೊಟ್ಟಿಗೆ ಬರುತ್ತದೋ ಇಲ್ಲವೋ ಎಂದು ಊರಿನ ಇಬ್ಬರು ಹೆಣ್ಮಕ್ಕಳು ನೋಡಿ ಒಪ್ಪಿದ ಮೇಲೆ ಚೀಲ ಇಳಿಯಲಿ.

ನಾಲ್ಕನೆಯದು, ಬೇಳೆಕಾಳು ಪಡಿತರದಲ್ಲಿ ಕಾಯಂ ಆಗಲಿ. ಹೆಸರು, ಮಡಕಿ, ಕಡಲಿಯನ್ನು ಅಂಗನವಾಡಿಗೆ ಊರಿನ ಸಂಘಗಳಿಂದಲೇ ಕೊಳ್ಳಲಿ. ಸಾಲಿಯಲ್ಲಿ ಕೊಡುವ ತತ್ತಿ ಯಾವ ಕಾರಣಕ್ಕೂ ನಿಲ್ಲಬಾರದು. ತತ್ತಿ ಉಣ್ಣದ ಮಕ್ಕಳಿಗೆ ಬಾಳೆಹಣ್ಣು ತಪ್ಪಬಾರದು.

ಇನ್ನು ನಾವೇ ಮಾಡುವುದೂ ಇದೆ. ಕಬ್ಬು, ಗೋವಿನಜೋಳ ಹಾಕುವವರೂ ಮನಿ ಉಣ್ಣಲಿಕ್ಕೆ ಅರ್ಧ ಎಕರೆ ಅಕ್ಕಡಿ ಬಿಡಿರಿ, ಬದುವಿಗೆ ನಾಲ್ಕು ಪುಂಡಿ ಬೀಜ ಚೆಲ್ಲಿರಿ. ಕಳೆನಾಶಕ ಹೊಡೆದರೆ ಹತ್ತರಕಿಯೂ ಸಾಯುತ್ತದೆ ಎಂಬುದು ನೆನಪಿರಲಿ. ಊಟದ ಜೊತೆ ಲಿಂಬಿಹಣ್ಣು ಹಿಂಡಿಕೊಂಡರೆ ಕಾಳಿನ ಕಬ್ಬಿಣ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ, ಒಂದು ತಾಸು ಬಿಟ್ಟು ಕುಡಿಯಿರಿ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ ಗಡಿಗೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಹೆಣ್ಮಕ್ಕಳ ಗಂಗಾಳದಾಗ ಕಾಳು, ತಪ್ಪಲ ಬಿದ್ದಿದೆಯೇ ನೋಡಿರಿ. ನೂರರಲ್ಲಿ 47 ಮಂದಿಗೆ ರಕ್ತ ಕಡಿಮೆ ಎಂಬ ಅಂಕಿ ನಮ್ಮ ಅಡಿಗಿಮನಿಯದ್ದೇ.

ಬರುವ ಗ್ರಾಮಸಭೆಯಲ್ಲಿ ನಿಮ್ಮ ಊರಿನ ಲೆಕ್ಕ ಹಾಕಿ ಠರಾವು ಬರೆಸಿರಿ. ನಮಗೆ ಎಷ್ಟು ಜೋಳ ಬೇಕು, ಎಷ್ಟು ಎಕರೆಯಲ್ಲಿ ಬೆಳೆಯುತ್ತೇವೆ, ಯಾವ ದರ ಬೇಕು, ಈ ಮೂರು ಸಾಲು ಸಾಕು. ಬರೆಸಿದವರು ಪತ್ರಿಕೆಗೂ ತಿಳಿಸಿರಿ. ಹತ್ತು ಊರಿನ ಠರಾವು ಒಟ್ಟಿಗೆ ಬಂದರೆ ಬಾಯಿ ಇಲ್ಲದ ಬೆಳೆಗೆ ಬಾಯಿ ಬರುತ್ತದೆ.

– ಬೀಳಗಿ ತಾಲೂಕಿನ ಒಬ್ಬ ಒಣಬೇಸಾಯದ ರೈತ